ಬ್ಲಾಕ್ ತೆಗೆದ ಮೇಲೆ ಪಾದಕ್ಕೆ ಆಮ್ಲಜನಕ ತಲುಪಿತೇ? ಅಳೆಯುವುದು ಹೀಗೆ

ಕಾಲಿನ ರಕ್ತನಾಳದ ಬ್ಲಾಕನ್ನು ಬಲೂನ್ ಹಾಕಿ (ಆಂಜಿಯೋಪ್ಲಾಸ್ಟಿ) ತೆಗೆದಿದ್ದಾರೆ. ಸ್ಕ್ಯಾನ್‌ನಲ್ಲಿ ರಕ್ತ ಸರಾಗವಾಗಿ ಹರಿಯುತ್ತಿದೆ. ಸರಿ, ಆದರೆ ಹೆಬ್ಬೆರಳಿನ ಪಕ್ಕದ ಹುಣ್ಣಿಗೆ ಆಮ್ಲಜನಕ ಸಿಗಬೇಕಲ್ವಾ? ಅದನ್ನು ತಿಳಿಯಲು ಟಿಸಿಪಿಒ2 ಎಂಬ ಪರೀಕ್ಷೆ ಇದೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರೇ ಬೇರೆ, ಇದೇ ಬೇರೆ. ಇದು ಚರ್ಮದವರೆಗೆ ಎಷ್ಟು ಆಮ್ಲಜನಕ ಬಂತು ಎಂದು ನೋಡುತ್ತದೆ. ಸಕ್ಕರೆ ಕಾಯಿಲೆಯವರಿಗೆ ಇದರ ಉಪಯೋಗ ಜಾಸ್ತಿ. ಅವರ ರಕ್ತನಾಳದಲ್ಲಿ ಸುಣ್ಣದಂಶ ಕಟ್ಟಿ ಗಟ್ಟಿಯಾಗಿದ್ದರೆ, ಕಾಲಿನ ರಕ್ತದ ಹರಿವು ತಿಳಿಯಲು ನೋಡುವ ಕಣಕಾಲಿನ ಬಿಪಿ ಸುಮ್ನೆ ಹೆಚ್ಚು ತೋರಿಸುತ್ತದೆ, ಅದನ್ನೇ ನಂಬುವ ಹಾಗಿಲ್ಲ.

ಪರೀಕ್ಷೆಗೆ ಮುಂಚೆ ಬೀಡಿ, ಸಿಗರೇಟು, ಕಾಫಿ ಬೇಡ. ಬೆಚ್ಚಗಿನ ಕೋಣೆಯಲ್ಲಿ ಸ್ವಲ್ಪ ಹೊತ್ತು ಅಂಗಾತ ಮಲಗಬೇಕು. ಚಳಿಯಾದರೆ ರಕ್ತನಾಳ ಕುಗ್ಗಿ ಅಂಕಿ ತಪ್ಪುತ್ತದೆ.

ಅಷ್ಟರಲ್ಲಿ ತಂತ್ರಜ್ಞರು ಸೆನ್ಸರನ್ನು ಗಾಳಿಯಲ್ಲಿ ಹಿಡಿದು ಸರಿಹೊಂದಿಸುತ್ತಾರೆ. ಒಣಗಾಳಿಯ ಆಮ್ಲಜನಕದ ಒತ್ತಡ ಮಂಗಳೂರಿನಲ್ಲಿ ಸುಮಾರು 159 ಮಿ.ಮೀ. ಪಾದರಸ. ಎತ್ತರದಲ್ಲಿರುವ ಬೆಂಗಳೂರಿನಲ್ಲಿ 143ರ ಆಸುಪಾಸು. ಊರಿನ ಗಾಳಿಯ ಒತ್ತಡ ಲೆಕ್ಕಕ್ಕೆ ಬರದಿದ್ದರೆ ಮುಂದಿನದೆಲ್ಲ ವ್ಯರ್ಥ.

ಈಗ ಜಾಗ. ಪಾದದ ಮೇಲ್ಭಾಗದಲ್ಲಿ, ಹುಣ್ಣಿನ ಹತ್ತಿರದ ಚೆನ್ನಾಗಿರುವ ಚರ್ಮ ಬೇಕು. ಅಂಗಾಲಿನ ಚರ್ಮ ದಪ್ಪ, ಅದು ಬೇಡ. ಮೂಳೆ ಎದ್ದಿರುವ ಕಡೆ, ಊದಿದ ಕಡೆಯೂ ಬೇಡ. ಕೂದಲು ತೆಗೆದು, ಸ್ಪಿರಿಟ್‌ನಿಂದ ಒರೆಸಿ, ಅಂಟುವ ಉಂಗುರ ಕೂರಿಸುತ್ತಾರೆ. ಅದರೊಳಗೆ ಕೆಲವು ಹನಿ ದ್ರವ ಬಿಟ್ಟು ಸೆನ್ಸರ್ ತಿರುಗಿಸಿ ಬಿಗಿಯುತ್ತಾರೆ. ಇಲ್ಲಿ ಗಾಳಿಗುಳ್ಳೆ ಉಳಿದರೆ ಕೆಲಸ ಕೆಟ್ಟಿತು: ಯಂತ್ರ ಕೋಣೆಯ ಗಾಳಿಯನ್ನೇ ಅಳೆದು ಒಳ್ಳೆಯ ಅಂಕಿ ಕೊಟ್ಟುಬಿಡುತ್ತದೆ. ಇನ್ನೊಂದು ಸೆನ್ಸರ್ ಎದೆಯ ಮೇಲೆ, ಕೊರಳೆಲುಬಿನ ಕೆಳಗೆ. ಎದೆಯಲ್ಲೂ ಅಂಕಿ ಕಡಿಮೆಯಿದ್ದರೆ ತೊಂದರೆ ಬರೀ ಕಾಲಿನದ್ದಲ್ಲ, ಶ್ವಾಸಕೋಶದ್ದೋ ಹೃದಯದ್ದೋ ಇರಬಹುದು.

ಸೆನ್ಸರ್ ಸುಮಾರು 44 ಡಿಗ್ರಿಗೆ ಬಿಸಿಯಾಗುತ್ತದೆ. ಬಿಸಿಗೆ ಸಣ್ಣ ರಕ್ತನಾಳಗಳು ಅರಳಿ ಆಮ್ಲಜನಕ ಚರ್ಮ ದಾಟಿ ಬರುತ್ತದೆ. ಅಂಕಿ ಮೊದಲು ಸರ್ರನೆ ಇಳಿದು, ಆಮೇಲೆ ಏರಿ, 15-20 ನಿಮಿಷಕ್ಕೆ ನಿಲ್ಲುತ್ತದೆ. ಅಲ್ಲಿಯವರೆಗೆ ಮಾತು ಬೇಡ, ಕಾಲು ಅಲ್ಲಾಡಿಸುವುದೂ ಬೇಡ.

ಪಾದದಲ್ಲಿ ಅಂಕಿ 50 ಮಿ.ಮೀ. ಪಾದರಸ ದಾಟಿದರೆ ಸಾಮಾನ್ಯವಾಗಿ ಚೆನ್ನಾಗಿದೆ ಎಂದರ್ಥ. 40ಕ್ಕಿಂತ ಕೆಳಗಿದ್ದರೆ ಗಾಯ ಮಾಯುವುದು ಕಷ್ಟ. 30ಕ್ಕಿಂತ ಕೆಳಗೆ ಹೋದರೆ ಪರಿಸ್ಥಿತಿ ಗಂಭೀರ. ಅನುಮಾನವಿದ್ದರೆ ಕಾಲೆತ್ತಿ ಮತ್ತೆ ನೋಡುತ್ತಾರೆ. ಆಗ ಅಂಕಿ 10ಕ್ಕಿಂತ ಜಾಸ್ತಿ ಕುಸಿದರೆ ರಕ್ತ ಸಾಲುತ್ತಿಲ್ಲ.

ನನ್ನ ಪ್ರಕಾರ ಒಂದೇ ಅಂಕಿ ಹಿಡಿದುಕೊಂಡು ಖುಷಿಪಡುವುದೂ ಬೇಡ, ಹೆದರುವುದೂ ಬೇಡ. ಚಿಕಿತ್ಸೆಗೆ ಮುಂಚಿನದ್ದು, ನಂತರದ್ದು ಎರಡೂ ಬೇಕು. ಅದೂ ಅದೇ ಜಾಗದಲ್ಲಿ, ಅದೇ ಭಂಗಿಯಲ್ಲಿ. ಮೊದಲ ಸಲವೇ ಜಾಗದ ಫೋಟೊ ತೆಗೆದಿಡಿ. ಆಂಜಿಯೋಪ್ಲಾಸ್ಟಿಯ ಮರುದಿನ ಅಂಕಿ ಏರದಿದ್ದರೆ ಚಿಕಿತ್ಸೆ ಸೋತಿತು ಎಂದುಕೊಳ್ಳಬೇಡಿ. ಅದು ನಿಧಾನಕ್ಕೆ, 3-4 ವಾರ ಏರುತ್ತಾ ಹೋಗಬಹುದು. ಆದರೆ ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿದರೆ, ತೀರಾ ನೋವಾದರೆ ಅಂಕಿಗೆ ಕಾಯದೆ ಆಸ್ಪತ್ರೆಗೆ ಓಡಿ.

ಸೆನ್ಸರ್ ತೆಗೆದಾಗ ಉಳಿಯುವ ಕೆಂಪು ಗುರುತು ತಾನಾಗಿ ಮಾಯವಾಗುತ್ತದೆ. ಪಾದ ಮರಗಟ್ಟಿರುವವರಿಗೆ ಬಿಸಿ ಗೊತ್ತಾಗುವುದಿಲ್ಲ. ಗುಳ್ಳೆ ಎದ್ದಿದೆಯಾ ಎಂದು ಮನೆಯವರು ರಾತ್ರಿ ಒಮ್ಮೆ ನೋಡಿ.