ಆರ್ಯಿಕೆ ಎಂದರೆ ಯಾರು? ಕರೆಯುವುದು, ಬರೆಯುವುದು ಹೇಗೆ?

ಬಿಳಿ ಸೀರೆ ಉಟ್ಟು, ನವಿಲುಗರಿಯ ಪಿಂಛಿ ಹಿಡಿದ ಜೈನ ಸಾಧ್ವಿಯರು ಊರಿಗೆ ಬಂದರೆ ‘ಸನ್ಯಾಸಿನಿ’ ಎಂದು ಬರೆದು ಮುಗಿಸುವವರೇ ಜಾಸ್ತಿ. ದಿಗಂಬರ ಪರಂಪರೆಯಲ್ಲಿ ಅವರಿಗೆ ಅವರದೇ ಹೆಸರಿದೆ: ಆರ್ಯಿಕೆ.

ಮೊದಲು ಯಾರೆಂದು ತಿಳಿದುಕೊಳ್ಳಿ. ಬಿಳಿ ಸೀರೆಯವರೆಲ್ಲ ಆರ್ಯಿಕೆಯರಲ್ಲ. ವ್ರತ ಹಿಡಿದು, ಇನ್ನೂ ದೀಕ್ಷೆ ಪಡೆಯದವರು ಬ್ರಹ್ಮಚಾರಿಣಿ. ಮುಂದಿನ ಮೆಟ್ಟಿಲು ಕ್ಷುಲ್ಲಿಕೆ. ಅವರಿಗೆ ಸೀರೆಯ ಮೇಲೊಂದು ಹೊದಿಕೆ ಇರುತ್ತದೆ, ಪಾತ್ರೆಯಲ್ಲಿ ಊಟ. ಆರ್ಯಿಕೆಗೆ ಒಂದೇ ಸೀರೆ. ದಿನಕ್ಕೆ ಒಂದೇ ಹೊತ್ತು, ಕುಳಿತು, ಬೊಗಸೆಯಲ್ಲೇ ಆಹಾರ. ತಲೆಗೂದಲನ್ನು ಕೈಯಿಂದಲೇ ಕೀಳುತ್ತಾರೆ. ಆಹಾರ ಕೊಡುವುದನ್ನು ನಾನು ಹತ್ತಿರದಿಂದ ನೋಡಿದಾಗ ಕಣ್ಣು ನಿಂತದ್ದು ಆ ಬೆರಳುಗಳ ಮೇಲೆ. ಬೊಗಸೆಗೆ ಬಿದ್ದ ಒಂದೊಂದು ತುತ್ತನ್ನೂ ಹೆಬ್ಬೆರಳಿನಿಂದ ಬಿಡಿಸಿ, ಕೂದಲೋ ಹುಳವೋ ಇದೆಯಾ ಎಂದು ನೋಡಿ, ಆಮೇಲೆ ಬಾಯಿಗೆ. ಇಷ್ಟು ಕಟ್ಟುನಿಟ್ಟಾಗಿ ಬದುಕುವವರನ್ನು ಸರಿಯಾದ ಹೆಸರಿನಿಂದ ಕರೆಯಬೇಕು ಅಲ್ವಾ?

ಎದುರಿಗೆ ಮಾತಾಡುವಾಗ ‘ಆರ್ಯಿಕೆ’ ಎನ್ನುವುದಿಲ್ಲ, ‘ಮಾತಾಜಿ’ ಎನ್ನುತ್ತಾರೆ. ಕೈ ಮುಗಿದು ‘ವಂದಾಮಿ ಮಾತಾಜಿ’ ಎನ್ನಿ. ಕ್ಷುಲ್ಲಿಕೆಯರಿಗೆ ‘ಇಚ್ಛಾಮಿ’. ‘ನಮೋಸ್ತು’ ಮುನಿಗಳಿಗೆ.

ಬರೆಯುವಾಗ ಹೆಸರಿಗೆ ಮೊದಲು ‘ಆರ್ಯಿಕಾ’, ಬಿಡಿಯಾಗಿ ಬಂದರೆ ‘ಆರ್ಯಿಕೆ’, ಬಹುವಚನಕ್ಕೆ ‘ಆರ್ಯಿಕೆಯರು’. ಆಮಂತ್ರಣ ಪತ್ರಿಕೆಯಲ್ಲಿ ಗೌರವಕ್ಕೆ ‘105’ ಸೇರಿಸುತ್ತಾರೆ, ಮುನಿಗಳಿಗಾದರೆ 108. ‘ಆರ್ಯಿಕಾ’ದಲ್ಲಿ ‘ಯಿ’ಯ ಗುಡಿಸು ಮರೆಯಬೇಡಿ. ನಮ್ಮ ಕಾರ್ಯಕ್ರಮವೊಂದರ ಪತ್ರಿಕೆಯಲ್ಲಿ ಅದು ‘ಆರ್ಯಕಾ’ ಎಂದು ಅಚ್ಚಾಗಿ, ರಾತ್ರಿಯೆಲ್ಲ ಕೂತು ಪೆನ್ನಿನಿಂದ ತಿದ್ದಿದೆವು.

ಬಾಯಿಗೆ ಬಿಳಿ ಪಟ್ಟಿ ಕಟ್ಟಿ, ಉಣ್ಣೆಯ ಓಘಾ (ಪುಟ್ಟ ಪೊರಕೆ) ಹಿಡಿದವರು ಜೈನರ ಇನ್ನೊಂದು ಪಂಥದ ಶ್ವೇತಾಂಬರರು. ಅವರಿಗೆ ಈ ಪದ ಬೇಡ, ‘ಸಾಧ್ವಿ’ ಎನ್ನಿ.

ಹಳೆಯ ಕಾಲದ ಬಗ್ಗೆ ಬರೆಯುವುದಾದರೆ ಇನ್ನೊಂದು ಪದ ಗೊತ್ತಿರಲಿ: ಕಂತಿ. ಜೈನ ಸಾಧ್ವಿಯರಿಗೆ ಕನ್ನಡದಲ್ಲಿ ಬಳಕೆಯಲ್ಲಿದ್ದ ಪದ ಇದು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸುಮಾರು 1,300 ವರ್ಷದ ಹಿಂದಿನ ಒಂದು ಶಾಸನವಿದೆ. ಮೌನಿ ಗುರುಗಳ ಶಿಷ್ಯೆ ನಾಗಮತಿ ಮೂರು ತಿಂಗಳು ನೋಂತು (ವ್ರತ ಹಿಡಿದು) ದೇಹ ಬಿಟ್ಟರು ಎನ್ನುತ್ತದೆ ಅದು. ಅಲ್ಲಿ ಅವರ ಹೆಸರು ‘ನಾಗಮತಿ ಗಂತಿಯರ್’. ಸಂಧಿಯಲ್ಲಿ ‘ಕ’ ಹೋಗಿ ‘ಗ’ ಬಂದಿದೆ. ಒಬ್ಬರೇ ಆದರೂ ಬಹುವಚನದ ‘ಯರ್’ ಹಾಕಿ, ಮರ್ಯಾದೆಯಿಂದ ಕೆತ್ತಿದ್ದಾರೆ.