ಗೇರ್ ಉಲ್ಟಾ: ಟ್ರ್ಯಾಕ್ ಬೈಕಿಗೆ ಜಿಪಿ ಶಿಫ್ಟ್ ಮಾಡಿಕೊಳ್ಳುವುದು ಹೇಗೆ

ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟೈಯಲ್ಲಿ 3.717 ಕಿಲೋಮೀಟರಿನ ರೇಸ್ ಟ್ರ್ಯಾಕ್ ಇದೆ. ಬೆಂಗಳೂರಿನವರು ಶುಕ್ರವಾರ ಸಂಜೆ ಬೈಕನ್ನು ಪಿಕಪ್ ಗಾಡಿಗೆ ಹೇರಿಕೊಂಡು ಹೊರಡುವುದು ಅಲ್ಲಿಗೇ. ನನ್ನ ಹಳೇ ಕೆಟಿಎಂ ಆರ್‌ಸಿ 390 ಬೈಕ್ ಕೂಡ ಹಾಗೇ ಹೋಗುತ್ತಿತ್ತು. ಎರಡು ಸಲ ಹೋಗಿ ಬಂದ ಮೇಲೆ ನೋಡುತ್ತೇನೆ, ಎಡಗಾಲಿನ ಬೂಟಿನ ತುದಿ ಸವೆದು ಬಿಳಿಯಾಗಿದೆ.

ಕಾರಣ ಸುಲಭ. ಎಡಕ್ಕೆ ವಾಲಿಕೊಂಡು ತಿರುವಿನಿಂದ ಹೊರಗೆ ಬರುವಾಗ ಮೇಲಿನ ಗೇರ್ ಬೇಕಾಗುತ್ತದೆ. ಮಾಮೂಲಿ ಬೈಕಿನಲ್ಲಿ ಅದಕ್ಕೆ ಬೂಟನ್ನು ಲಿವರ್ ಕೆಳಗೆ ತೂರಿಸಿ ಎತ್ತಬೇಕು. ಅಷ್ಟು ವಾಲಿದಾಗ ಕೆಳಗೆ ಜಾಗ ಎಲ್ಲಿರುತ್ತೆ? ಟಾರು ಅಲ್ಲೇ ಇರುತ್ತದೆ. ಅದೇ ಕೆಳಕ್ಕೆ ಒತ್ತಿದರೆ ಮೇಲಿನ ಗೇರ್ ಬೀಳುವ ಹಾಗಿದ್ದರೆ ಪಾದವನ್ನು ಎಲ್ಲೂ ತೂರಿಸಬೇಕಿಲ್ಲ, ಹೆಬ್ಬೆರಳಲ್ಲಿ ಸ್ವಲ್ಪ ಒತ್ತಿದರೆ ಆಯ್ತು. ವಿಶ್ವ ಮಟ್ಟದ ಬೈಕ್ ರೇಸ್ ಆದ ಮೋಟೋಜಿಪಿಯ ಸವಾರರಲ್ಲಿ ಹೆಚ್ಚಿನವರು ಹೀಗೇ ಇಟ್ಟುಕೊಳ್ಳುತ್ತಾರೆ. ಅದಕ್ಕೇ ಜಿಪಿ ಶಿಫ್ಟ್ ಅನ್ನೋ ಹೆಸರು. ಒಂದನೇ ಗೇರಿಗೆ ಎತ್ತಬೇಕು, ಮಿಕ್ಕಿದ್ದಕ್ಕೆಲ್ಲ ಒತ್ತಬೇಕು.

ಇದು ನಮಗೆ ಅಷ್ಟೇನೂ ಹೊಸದಲ್ಲ. ಹಳೇ ಬುಲೆಟ್ಟಿನಲ್ಲಿ ಗೇರ್ ಬಲಗಾಲಿಗೆ ಇತ್ತು, ಒಂದನೇದು ಮೇಲಕ್ಕೆ, ಮಿಕ್ಕ ಮೂರು ಕೆಳಕ್ಕೆ. ಸ್ಪ್ಲೆಂಡರ್‌ನಲ್ಲಂತೂ ನಾಲ್ಕೂ ಗೇರ್ ಮುಂದಕ್ಕೇ ಒತ್ತುವುದು. ನಾನು ಪಾರ್ಕಿಂಗ್‌ನಲ್ಲಿ ಪ್ಲಾಸ್ಟಿಕ್ ಮಣೆ ಹಾಕಿಕೊಂಡು ಕೂತು ಲಿವರ್ ಬಿಚ್ಚುತ್ತಿದ್ದಾಗ ನಮ್ಮ ವಾಚ್‌ಮನ್ ಬಂದು, "ಗಾಡಿ ಕೆಟ್ಟೋಯ್ತಾ ಸಾರ್?" ಅಂದರು. ಇಲ್ಲ ಅಣ್ಣ, ಗೇರ್ ಉಲ್ಟಾ ಮಾಡ್ತಿದೀನಿ, ಒತ್ತಿದ್ರೆ ಮೇಲಿನ ಗೇರ್ ಬೀಳಬೇಕು ಅಂದೆ. ಅವರು ಒಂದು ನಿಮಿಷ ನೋಡಿ, "ನಮ್ ಸ್ಪ್ಲೆಂಡರ್ ಇರೋದೇ ಹಂಗಲ್ವಾ ಸಾರ್" ಅಂತ ಹೇಳಿ ಗೇಟಿನ ಕಡೆ ಹೋದರು.

ಈಗ ಕೆಲಸಕ್ಕೆ ಬರೋಣ. ಮೊದಲು ಎಡಗಡೆ ಕೂತು ಸುಮ್ನೆ ನೋಡಿ. ಗೇರ್ ಲಿವರ್ ಫುಟ್‌ಪೆಗ್ ಹತ್ತಿರ ಒಂದು ಪಿವಟ್ ಮೇಲೆ ಆಡುತ್ತದೆ. ಅದರಿಂದ ಒಂದು ತೆಳು ರಾಡ್ ಹೊರಟು, ಎಂಜಿನ್‌ನಿಂದ ಹೊರಗೆ ಬಂದಿರುವ ಶಾಫ್ಟಿನ ಮೇಲೆ ಕೂತ ಪುಟ್ಟ ಆರ್ಮ್‌ಗೆ ಸೇರುತ್ತದೆ. ಶಾಫ್ಟಿಗೂ ಆರ್ಮ್‌ಗೂ ಸಣ್ಣ ಹಲ್ಲುಗಳಿವೆ. ಆರ್ಮ್ ಈಗ ಶಾಫ್ಟಿನ ಯಾವ ಕಡೆಗಿದೆಯೋ ಅದರ ಎದುರು ಕಡೆಗೆ ತಿರುಗಿಸಿ ಕೂರಿಸಿದರೆ, ರಾಡ್ ಮೊದಲಿನ ಹಾಗೇ ಎಳೆದರೂ ಶಾಫ್ಟ್ ಉಲ್ಟಾ ತಿರುಗುತ್ತದೆ. ಗೇರ್‌ಬಾಕ್ಸ್ ಬಿಚ್ಚುವ ಮಾತೇ ಇಲ್ಲ.

ಕೆಲವು ಬೈಕಿನಲ್ಲಿ ಆರ್ಮ್ ತಿರುಗಿಸಲು ಜಾಗ ಇರುವುದಿಲ್ಲ. ರಾಡ್ ಹೋಗಿ ಫ್ರೇಮಿಗೋ ಸ್ಪ್ರಾಕೆಟ್ ಕವರಿಗೋ ತಾಗುತ್ತದೆ. ಅಂಥ ಬೈಕಿಗೆ ರೇರ್‌ಸೆಟ್, ಅಂದರೆ ರೇಸಿಗೆಂದು ಹಿಂದಕ್ಕೆ ಸರಿಸಿ ಕೂರಿಸುವ ಫುಟ್‌ಪೆಗ್ ಮತ್ತು ಲಿವರ್‌ಗಳ ಸೆಟ್, ಹಾಕಿಸುವುದೇ ದಾರಿ. ಒಳ್ಳೆ ರೇರ್‌ಸೆಟ್ಟಿನ ಲಿವರ್‌ನಲ್ಲಿ ಪಿವಟ್‌ನ ಎರಡೂ ಕಡೆ ತೂತು ಇರುತ್ತದೆ, ರಾಡನ್ನು ಈ ತೂತಿನಿಂದ ಆ ತೂತಿಗೆ ಬದಲಿಸಿದರೆ ಮುಗೀತು. ಆದ್ದರಿಂದ ಬಿಚ್ಚುವ ಮೊದಲೇ ರಾಡ್ ಹೊಸ ಜಾಗದಲ್ಲಿ ಎಲ್ಲಿ ಹಾದು ಹೋಗುತ್ತೆ ಅಂತ ಒಂದು ಪೆನ್ಸಿಲ್ ಹಿಡಿದು ನೋಡಿಕೊಳ್ಳಿ.

ಬೈಕನ್ನು ಪ್ಯಾಡಕ್ ಸ್ಟ್ಯಾಂಡ್ (ಹಿಂದಿನ ಚಕ್ರ ಎತ್ತಿ ಹಿಡಿಯುವ ಸ್ಟ್ಯಾಂಡ್) ಮೇಲೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಡಿ. ಆರ್ಮ್ ಮತ್ತು ಶಾಫ್ಟ್ ಎರಡರ ಮೇಲೂ ಸೇರುವ ಹಾಗೆ ಬಿಳಿ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ನಾಳೆ ಮನಸ್ಸು ಬದಲಾದರೆ ವಾಪಸ್ ಬರಲು ದಾರಿ ಬೇಕಲ್ವಾ? ಆಮೇಲೆ ಆರ್ಮ್‌ನ ಬೋಲ್ಟ್. ನಾನು ಎಡವಿದ್ದು ಇಲ್ಲೇ. ಸಡಿಲ ಮಾಡಿ ಎಳೆದೆ, ಬರಲಿಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಿದೆ, ಆಗಲೂ ಬರಲಿಲ್ಲ. ಅರ್ಧ ಗಂಟೆ ಬೆವರು ಹರಿಸಿದ ಮೇಲೆ ಗೊತ್ತಾಯ್ತು, ಬೋಲ್ಟ್ ಶಾಫ್ಟಿನ ಮೇಲಿನ ಒಂದು ಸಣ್ಣ ಕಾಲುವೆಯಂಥ ಗೀರಿನೊಳಗೆ ಕೂತಿರುತ್ತದೆ. ಅದನ್ನು ಪೂರ್ತಿ ಹೊರಗೆ ತೆಗೆಯಬೇಕು. ತೆಗೆದ ತಕ್ಷಣ ಆರ್ಮ್ ಬೆಣ್ಣೆಯ ಹಾಗೆ ಜಾರಿ ಬಂತು.

ಹಲ್ಲುಗಳಲ್ಲಿ ಚೈನ್ ಗ್ರೀಸು, ಮಣ್ಣು ಸೇರಿ ಗಟ್ಟಿಯಾಗಿರುತ್ತದೆ. ಹಳೇ ಟೂತ್‌ಬ್ರಷ್, ಸ್ವಲ್ಪ ಸೀಮೆಎಣ್ಣೆ ಸಾಕು. ಆಮೇಲೆ ಆರ್ಮ್ ಉಲ್ಟಾ ಕೂರಿಸಿ. ಒಂದು ಹಲ್ಲು ಆಚೀಚೆ ಆದರೂ ಲಿವರ್ ಎತ್ತರ ತುಂಬಾ ಬದಲಾಗುತ್ತದೆ, ಅದಕ್ಕೆ ಹೆದರಬೇಡಿ. ನೋಡಬೇಕಾದ್ದು ರಾಡಿಗೂ ಆರ್ಮ್‌ಗೂ ನಡುವಿನ ಕೋನ. ಅದು 90 ಡಿಗ್ರಿಗೆ ಹತ್ತಿರ ಇರಲಿ. ತುಂಬಾ ಓರೆಯಾದರೆ ಒತ್ತುವಾಗ ಒಂದು ಥರ, ಎತ್ತುವಾಗ ಇನ್ನೊಂದು ಥರ ಆಗುತ್ತದೆ, ಗೇರ್ ಅರ್ಧಕ್ಕೇ ನಿಲ್ಲುತ್ತದೆ.

ಲಿವರ್‌ನ ಎತ್ತರವನ್ನು ರಾಡ್‌ನಿಂದಲೇ ಸರಿ ಮಾಡಬಹುದು. ರಾಡ್‌ನ ಒಂದು ತುದಿಗೆ ಮಾಮೂಲಿ ಥ್ರೆಡ್, ಇನ್ನೊಂದಕ್ಕೆ ಎಡ ಥ್ರೆಡ್ ಇರುವುದು ಇದಕ್ಕೇ. ಎರಡೂ ಲಾಕ್‌ನಟ್ ಸಡಿಲಿಸಿ ರಾಡ್ ತಿರುಗಿಸಿದರೆ ಉದ್ದ ಹೆಚ್ಚು ಕಮ್ಮಿ ಆಗುತ್ತದೆ. ಎಡ ಥ್ರೆಡ್ಡಿನ ನಟ್ಟು ಉಲ್ಟಾ ಬಿಚ್ಚುತ್ತದೆ ಅನ್ನೋದು ನೆನಪಿರಲಿ. ಎತ್ತರ ನೋಡುವಾಗ ಮಾತ್ರ ಚಪ್ಪಲಿ ಹಾಕಿಕೊಂಡು ಕೂರಬೇಡಿ. ರೇಸಿಂಗ್ ಬೂಟು ದಪ್ಪ. ಬೂಟು ಹಾಕಿ, ಟ್ರ್ಯಾಕಿನಲ್ಲಿ ಕೂರುವ ಹಾಗೇ ಬಗ್ಗಿ ಕೂತು, ಪಾದದ ಮುಂಭಾಗವನ್ನು ಪೆಗ್ ಮೇಲಿಟ್ಟು ನೋಡಿ.

ಕೊನೆಗೆ ಬೋಲ್ಟಿಗೆ ಒಂದು ಹನಿ ನೀಲಿ ಥ್ರೆಡ್‌ಲಾಕ್, ಬೋಲ್ಟ್ ಅದುರಿ ಸಡಿಲವಾಗದ ಹಾಗೆ ಹಿಡಿಯುವ ಅಂಟು. ಎಂ6 ಬೋಲ್ಟ್ ಆದರೆ ಸುಮಾರು 10 ನ್ಯೂಟನ್ ಮೀಟರ್ ಸಾಕಾಗುತ್ತೆ, ಆದರೂ ನಿಮ್ಮ ಬೈಕಿನ ಸರ್ವಿಸ್ ಮ್ಯಾನ್ಯುಯಲ್ ಏನು ಹೇಳುತ್ತೋ ಅದೇ ಸರಿ. ಬಿಗಿ ಮಾಡಿದ ಮೇಲೆ ಬೋಲ್ಟಿನ ತಲೆಗೂ ಆರ್ಮ್‌ಗೂ ಸೇರಿಸಿ ಇನ್ನೊಂದು ಬಿಳಿ ಗೆರೆ ಎಳೆಯಿರಿ.

ಕ್ವಿಕ್‌ಶಿಫ್ಟರ್ (ಕ್ಲಚ್ ಹಿಡಿಯದೆ ಗೇರ್ ಬದಲಿಸಲು ಇಗ್ನಿಷನ್ ಕ್ಷಣಕಾಲ ಕಟ್ ಮಾಡುವ ಸಾಧನ) ಇರುವವರು ಇಲ್ಲಿ ಸ್ವಲ್ಪ ನಿಲ್ಲಿ. ರಾಡಿನಲ್ಲಿ ಕೂರುವ ಸೆನ್ಸರ್‌ಗಳಲ್ಲಿ ಕೆಲವು ಎಳೆತವನ್ನು ಮಾತ್ರ ಗುರುತಿಸುತ್ತವೆ, ಕೆಲವು ಒತ್ತಡವನ್ನು ಮಾತ್ರ. ಶಾಫ್ಟಿನ ಕಡೆ ಆರ್ಮ್ ತಿರುಗಿಸಿದರೆ, ಮೊದಲು ಎಳೆಯುತ್ತಿದ್ದ ರಾಡ್ ಈಗ ತಳ್ಳುತ್ತದೆ. ನನ್ನ ಗೆಳೆಯನಿಗೆ ಹೀಗೇ ಆಯ್ತು. ಮೇಲಿನ ಗೇರಿಗೆ ಕ್ವಿಕ್‌ಶಿಫ್ಟರ್ ಸತ್ತಂತೆ ಸುಮ್ಮನಿತ್ತು, ಕೆಳಗಿನ ಗೇರ್ ಹಾಕಿದರೆ ಇಗ್ನಿಷನ್ ಕಟ್ ಆಗುತ್ತಿತ್ತು. ಸೆನ್ಸರ್‌ನ ಸೆಟ್ಟಿಂಗ್ ಬದಲಿಸಬೇಕಾಯ್ತು. ರೇರ್‌ಸೆಟ್‌ನ ಲಿವರ್ ಕಡೆ ತೂತು ಬದಲಿಸಿದ್ದರೆ ಈ ತಲೆನೋವು ಬರುತ್ತಿರಲಿಲ್ಲ. ಆಗ ರಾಡ್ ಮೇಲಿನ ಗೇರಿಗೆ ಮೊದಲು ಹೋಗುತ್ತಿದ್ದ ದಿಕ್ಕಿಗೇ ಹೋಗುತ್ತದೆ.

ಎಂಜಿನ್ ಆಫ್ ಇರುವಾಗಲೇ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಒಂದರಿಂದ ಆರು, ಆರರಿಂದ ಒಂದು ಹಾಕಿ ನೋಡಿ. ಚಕ್ರ ತಿರುಗದಿದ್ದರೆ ಗೇರ್ ಬೀಳುವುದಿಲ್ಲ, ಕೆಟ್ಟಿದೆ ಅಂದುಕೊಳ್ಳಬೇಡಿ. ಪ್ರತಿ ಸಲವೂ ಲಿವರ್ ತಾನಾಗೇ ನಡುವಿಗೆ ಬರಬೇಕು. ಬರದಿದ್ದರೆ ರಾಡ್ ಎಲ್ಲೋ ತಾಗುತ್ತಿದೆ.

ಇಷ್ಟಕ್ಕೆ ಬೈಕ್ ಕಲಿತಾಯ್ತು, ಕಾಲು ಕಲಿಯುವುದು ಬೇರೆ. ನಾನು ಎರಡು ವಾರ ಬೆಳಿಗ್ಗೆ ಬೇಗ, ರಸ್ತೆ ಖಾಲಿ ಇರುವಾಗ ಓಡಿಸಿದೆ. ಹೆಲ್ಮೆಟ್ ಒಳಗೆ "ಒತ್ತು, ಒತ್ತು, ಎತ್ತು" ಅಂತ ಬಾಯಲ್ಲಿ ಹೇಳಿಕೊಂಡೇ. ಆಫೀಸಿನಲ್ಲಿ ಮೇಜಿನ ಕೆಳಗೂ ಕಾಲು ಆಡುತ್ತಿತ್ತು. ಆದರೂ ಟ್ರ್ಯಾಕಿಗೆ ಹೋದ ಮೊದಲ ದಿನ, ಊಟದ ನಂತರದ ಸೆಷನ್‌ನಲ್ಲಿ, ಸುಸ್ತಾಗಿದ್ದಾಗ, ನೇರ ದಾರಿಯಲ್ಲಿ ನಾಲ್ಕನೇ ಗೇರಿನ ತುತ್ತತುದಿಗೆ ಹೋಗಿ ಹಳೇ ಅಭ್ಯಾಸದಲ್ಲಿ ಎತ್ತಿಬಿಟ್ಟೆ. ಐದರ ಬದಲು ಮೂರು ಬಿತ್ತು. ಎಂಜಿನ್ ಕಿರುಚಿತು, ಹಿಂದಿನ ಚಕ್ರ ಬಾಲದ ಹಾಗೆ ಆಡಿತು. ಕ್ಲಚ್ ಹಿಡಿದೆ, ಬೀಳಲಿಲ್ಲ. ಸ್ಲಿಪ್ಪರ್ ಕ್ಲಚ್, ಅಂದರೆ ಗೇರ್ ಥಟ್ಟನೆ ಇಳಿದಾಗ ತಾನೇ ಸ್ವಲ್ಪ ಜಾರುವ ಕ್ಲಚ್, ಚಕ್ರದ ಜಿಗಿತವನ್ನು ತಗ್ಗಿಸುತ್ತದೆ. ಆದರೆ ಎಂಜಿನ್ ಮಿತಿ ಮೀರಿ ತಿರುಗುವುದನ್ನು ಪೂರ್ತಿ ತಡೆಯುತ್ತದೆ ಅಂತ ನಂಬಬೇಡಿ, ವಾಲ್ವ್ ಬಗ್ಗಿದರೆ ಖರ್ಚು ನಿಮ್ಮದೇ. ಉಲ್ಟಾ ತಪ್ಪು, ಅಂದರೆ ಬ್ರೇಕ್ ಹಿಡಿಯುವಾಗ ಎತ್ತುವ ಬದಲು ಒತ್ತುವುದು, ಇಷ್ಟು ಕೆಟ್ಟದ್ದಲ್ಲ. ಆದರೆ ಎಂಜಿನ್ ಬ್ರೇಕಿಂಗ್ ಕಮ್ಮಿಯಾಗಿ ತಿರುವಿಗೆ ಜಾಸ್ತಿ ವೇಗದಲ್ಲಿ ನುಗ್ಗುತ್ತೀರಿ. ಆ ದಿನ ನಾನು ಉಳಿದ ಸೆಷನ್ ಬಿಟ್ಟು ಪಿಟ್ಟಿನಲ್ಲಿ ಕೂತು ಕಬ್ಬಿನ ಹಾಲು ಕುಡಿದೆ.

ಎರಡು ಬೈಕ್ ಇದ್ದು ಒಂದನ್ನು ಮಾತ್ರ ಉಲ್ಟಾ ಮಾಡುವುದು ನನ್ನ ಮಟ್ಟಿಗೆ ಬೇಡವೇ ಬೇಡ. ಕೆಲವರು ನಿಭಾಯಿಸುತ್ತಾರೆ, ನನ್ನ ಕಾಲಿಗೆ ಅಷ್ಟು ಬುದ್ಧಿ ಇಲ್ಲ. ನಾನು ರಸ್ತೆಗೂ ಟ್ರ್ಯಾಕಿಗೂ ಒಂದೇ ಬೈಕ್ ಇಟ್ಟುಕೊಂಡು ಅದನ್ನೇ ಉಲ್ಟಾ ಉಳಿಸಿಕೊಂಡಿದ್ದೇನೆ.

ಹಾಗಾಗಿ ಕೀಲಿ ಬೇರೆಯವರ ಕೈಗೆ ಹೋಗುವಾಗ ಹುಷಾರು. ಒಮ್ಮೆ ಸರ್ವಿಸಿಗೆ ಬಿಟ್ಟಾಗ ಹೇಳಲು ಮರೆತೆ. ಟೆಸ್ಟ್ ರೈಡಿಗೆ ಹೋದ ಹುಡುಗ ನೂರು ಮೀಟರ್ ಹೋಗಿ ತಳ್ಳಿಕೊಂಡು ವಾಪಸ್ ಬಂದು, "ಸಾರ್, ಇದರ ಗೇರ್‌ಬಾಕ್ಸೇ ಹೋಗಿದೆ" ಅಂದ. ಈಗ ಟ್ಯಾಂಕಿನ ಮೇಲೆ, ಕೀಲಿ ಹಾಕುವ ಜಾಗದ ಪಕ್ಕದಲ್ಲೇ, ಹಳದಿ ಸ್ಟಿಕ್ಕರ್ ಇದೆ: "ಗೇರ್ ಉಲ್ಟಾ. 1 ಮೇಲೆ, 5 ಕೆಳಗೆ."