ಎಸಿ ನೀರು ಮನೆಯೊಳಗೆ ಸೋರುತ್ತಿದೆಯೇ? ಡ್ರೈನ್ ಪೈಪಿನ ವಾಟ (ಇಳಿಜಾರು) ನೋಡಿ

ಹಾಸನ, ಚಿಕ್ಕಮಗಳೂರಿನ ಮನೆಗಳಲ್ಲಿ ಎಸಿಗೆ ಕೆಲಸ ಬೀಳುವುದು ಹೆಚ್ಚಾಗಿ ಮಾರ್ಚ್‌ನಿಂದ ಮೇವರೆಗೆ. ಮಳೆ ಹಿಡಿದ ಮೇಲೆ ಅದನ್ನು ಕೇಳುವವರಿಲ್ಲ. ಎಸಿ ಸುಮ್ಮನೆ ನಿಂತಿರುವ ಆ ತಿಂಗಳುಗಳಲ್ಲಿ ಡ್ರೈನ್ ಪೈಪಿನೊಳಗಿನ ಲೋಳೆ ಒಣಗಿ ಗಟ್ಟಿಯಾಗುತ್ತದೆ, ಹೊರಗಿನ ತುದಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಬೇಸಿಗೆಯಲ್ಲಿ ಎಸಿ ಹಾಕಿದಾಗ ಹೊರಹೋಗಲು ದಾರಿಯಿಲ್ಲದ ನೀರು ಟ್ರೇ (ಒಳಗಿನ ಯೂನಿಟ್‌ನಲ್ಲಿ ನೀರು ಸೇರುವ ತಟ್ಟೆ) ತುಂಬಿ ಗೋಡೆಗೆ ಇಳಿಯುತ್ತದೆ.

ಪೈಪಿಗೆ ಕೈಹಾಕುವ ಮೊದಲು ನೀರು ಎಲ್ಲಿಯದು ಎಂದು ತಿಳಿದುಕೊಳ್ಳಿ. ಎಸಿ ಆಫ್ ಇದ್ದರೂ ಗಾಳಿಮಳೆಗೆ ಗೋಡೆ ಒದ್ದೆಯಾದರೆ ಅದು ಪೈಪುಗಳು ಹಾದುಹೋಗುವ ಗೋಡೆಯ ತೂತಿನಿಂದ ಬರುವ ಎರಚಲು. ಹೊರಗಡೆಯಿಂದ ಆ ಸಂದನ್ನು ಎಸಿ ಪುಟ್ಟಿಯಿಂದ ಮುಚ್ಚಿದರೆ ಸಾಕು. ಕಾಯಿಲ್ (ಗಾಳಿಯನ್ನು ತಣ್ಣಗಾಗಿಸುವ ಪೈಪಿನ ಸುರುಳಿ) ಮೇಲೆ ಐಸ್ ಕಟ್ಟಿದ್ದರೆ ಫಿಲ್ಟರ್ ತೊಳೆದು ನೋಡಿ. ಮತ್ತೆ ಕಟ್ಟಿದರೆ ಗ್ಯಾಸ್ ಕಡಿಮೆಯಾಗಿರಬಹುದು, ಮೆಕ್ಯಾನಿಕ್‌ನನ್ನೇ ಕರೆಸಿ.

ಈಗ ಎಸಿಯ ಎಂಸಿಬಿ (ಮೇನ್ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ. ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು, ಟ್ರೇ ಪಕ್ಕದಲ್ಲೇ ವೈರಿಂಗ್ ಇರುತ್ತದೆ.

ಹೊರಗಿನ ತುದಿಯಲ್ಲಿ ಗೂಡು, ಮಣ್ಣು, ಕಸ ಇದ್ದರೆ ಮೆದುವಾದ ತಂತಿಯಿಂದ ಹೊರಕ್ಕೆ ಎಳೆಯಿರಿ. ಒಳಕ್ಕೆ ತಳ್ಳಬೇಡಿ, ಅದು ಮುಂದಿನ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ನೀರನ್ನೂ ಎಳೆಯಬಲ್ಲ ವ್ಯಾಕ್ಯೂಮ್ ಕ್ಲೀನರನ್ನು ತುದಿಗೆ ಹಿಡಿದು, ಸುತ್ತ ಒದ್ದೆ ಬಟ್ಟೆ ಬಿಗಿಯಾಗಿ ಸುತ್ತಿ, ಎರಡು ಮೂರು ನಿಮಿಷ ಎಳೆಸಿ. ಕಂದು ಬಣ್ಣದ ಲೋಳೆ ಮುದ್ದೆಯಾಗಿ ಬಂದರೆ ದಾರಿ ಬಿಟ್ಟಿತು ಎಂದೇ ಲೆಕ್ಕ. ಹೊರಗಿನಿಂದ ಪಂಪಿನಲ್ಲಿ ಗಾಳಿ ಊದುವುದು ಬೇಡ. ಕೊಳೆ ನೀರು ಟ್ರೇಗೆ ನುಗ್ಗಿ ಕೋಣೆಯೊಳಗೆ ಸಿಡಿಯುತ್ತದೆ, ಒಳಗಿನ ಜಾಯಿಂಟ್ ಕಳಚಿಕೊಳ್ಳುವುದೂ ಉಂಟು.

ಉಳಿದ ಲೋಳೆಗೆ ಅರ್ಧ ಲೀಟರ್ ಉಗುರುಬೆಚ್ಚನೆಯ ನೀರಿಗೆ ಒಂದು ಲೋಟ ಬಿಳಿ ವಿನೆಗರ್ ಬೆರೆಸಿ, ಟ್ರೇಗೆ ನಿಧಾನವಾಗಿ ಸುರಿದು ಅರ್ಧ ಗಂಟೆ ಬಿಡಿ. ಆಮೇಲೆ ಬರಿ ನೀರು ಹಾಕಿ ತೊಳೆಯಿರಿ. ಕುದಿಯುವ ನೀರಿಗೆ ಪಿವಿಸಿ ಮೆತ್ತಗಾಗಿ ಸೊಟ್ಟಗಾಗುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಕಾಯಿಲಿನ ಅಲ್ಯುಮಿನಿಯಂ ಪದರಗಳನ್ನೇ ತಿನ್ನುತ್ತದೆ. ಬ್ಲೀಚ್ ಮತ್ತು ವಿನೆಗರ್ ಸೇರಿದರೆ ವಿಷಗಾಳಿ ಹುಟ್ಟುತ್ತದೆ, ಎರಡನ್ನೂ ಎಂದಿಗೂ ಒಟ್ಟಿಗೆ ಬಳಸಬೇಡಿ.

ಇಷ್ಟು ಮಾಡಿದರೆ ನೀರೇನೋ ಹೋಗುತ್ತದೆ. ಆದರೆ ವಾಟ ಸರಿಯಿಲ್ಲದ ಪೈಪು ಮತ್ತೆ ಕಟ್ಟಿಕೊಳ್ಳುವುದು ಖಂಡಿತ, ನಿಜವಾದ ರಿಪೇರಿ ಇರುವುದು ಅಲ್ಲೇ. ಈ ನೀರಿನ ಹಿಂದೆ ಪಂಪಿನ ಒತ್ತಡ ಇಲ್ಲ, ತನ್ನ ಭಾರಕ್ಕೆ ತಾನೇ ಹರಿಯಬೇಕು. ಮೀಟರಿಗೆ ಕನಿಷ್ಠ 1 ಸೆಂ.ಮೀ. ಇಳಿಜಾರು ಬೇಕು, 2 ಇದ್ದರೆ ಇನ್ನೂ ಒಳ್ಳೆಯದು. ಸುಕ್ಕುಸುಕ್ಕಾದ ಬಿಳಿ ಹೋಸು ಎಲ್ಲಿ ಜೋತು ಬಿದ್ದಿದೆಯೋ ಅಲ್ಲಿ ನೀರು ನಿಲ್ಲುತ್ತದೆ, ನಿಂತಲ್ಲಿ ಲೋಳೆ ಬೆಳೆಯುತ್ತದೆ. ಗೋಡೆಯ ತೂತೂ ಹೊರಕ್ಕೇ ವಾಲಿರಬೇಕು.

ಬಿಸಿಲಿಗೆ ಬಿರುಕುಬಿಟ್ಟ ಹೋಸಿಗೆ ಟೇಪ್ ಸುತ್ತಿ ಕಾಲ ತಳ್ಳಬೇಡಿ. ಹೊರಭಾಗವನ್ನು ಕತ್ತರಿಸಿ ತೆಗೆದು ಮುಕ್ಕಾಲು ಅಥವಾ ಒಂದು ಇಂಚಿನ ಪಿವಿಸಿ ಪೈಪು ಹಾಕಿ, ಸುಮಾರು ಎರಡೂವರೆ ಅಡಿಗೊಂದು ಕ್ಲಾಂಪ್ ಹೊಡೆಯಿರಿ. ಹೋಸಿನ ತುದಿ ಪೈಪಿನ ಒಳಗೆ 5 ಸೆಂ.ಮೀ.ನಷ್ಟು ಇಳಿಯಬೇಕು; ಮಂಗಳೂರು ಹೆಂಚಿನ ಹಾಗೆ ಮೇಲಿನದು ಕೆಳಗಿನದಕ್ಕೆ ನೀರು ಬಿಡಬೇಕು. ತಿರುಗುಮುರುಗಾದರೆ ಪ್ರತಿ ಜಾಯಿಂಟೂ ಸೋರುತ್ತದೆ. ಹೋಸಿಗೆ ಸಾಲ್ವೆಂಟ್ (ಪಿವಿಸಿ ಅಂಟು) ಹಚ್ಚದೆ ಟೇಪ್ ಮಾತ್ರ ಸುತ್ತಿ, ಮುಂದಿನ ಸಲ ಬಿಚ್ಚಲು ಬರುತ್ತದೆ. ಪಿವಿಸಿ ಎಲ್ಬೋಗಳಿಗೆ ಸಾಲ್ವೆಂಟ್ ಸರಿ. ಪೈಪು ಕೋಣೆಯೊಳಗೆ ಹಾದುಹೋಗುವಲ್ಲಿ 9 ಮಿ.ಮೀ. ನೈಟ್ರೈಲ್ ಫೋಮ್ (ರಬ್ಬರ್ ಹೊದಿಕೆ) ಸುತ್ತದಿದ್ದರೆ ತಣ್ಣನೆಯ ಪೈಪಿನ ಹೊರಮೈಯೇ ಬೆವರಿ ಹನಿಯುತ್ತದೆ, ಅದನ್ನು ಸೋರಿಕೆ ಎಂದುಕೊಂಡು ಗೋಡೆ ಒಡೆಸುವವರೂ ಇದ್ದಾರೆ.

ಹೊರತುದಿ ನೆಲದಿಂದ ಐದಾರು ಇಂಚು ಮೇಲಿರಲಿ. ಬಕೆಟ್ಟಿನ ನೀರಿನಲ್ಲಿ ಮುಳುಗಿದ್ದರೆ ಗಾಳಿ ಸಿಕ್ಕಿಕೊಂಡು ಹರಿವು ನಿಲ್ಲುತ್ತದೆ. ಚರಂಡಿ ಪೈಪಿಗೆ ನೇರವಾಗಿ ಸೇರಿಸಿದರೆ ಅದರ ವಾಸನೆ ಮಲಗುವ ಕೋಣೆಗೆ ಬರುತ್ತದೆ. ಹೂಗಿಡಗಳಿಗೆ ಬಿಡಿ, ಇನ್ವರ್ಟರ್ ಬ್ಯಾಟರಿಗೆ ಮಾತ್ರ ಈ ನೀರು ಬೇಡ, ಕಾಯಿಲಿನ ಧೂಳು ಮತ್ತು ಲೋಹದ ಅಂಶ ಅದರಲ್ಲಿರುತ್ತದೆ.

ಕೊನೆಗೆ ಟ್ರೇಗೆ ಒಂದು ಲೀಟರ್ ನೀರನ್ನು ಸ್ವಲ್ಪ ಸ್ವಲ್ಪವೇ ಸುರಿಯಿರಿ. ತಡೆಯಿಲ್ಲದೆ ಅಷ್ಟೂ ಹೊರಬಂದು, ಜಾಯಿಂಟುಗಳ ಕೆಳಗೆ ಹಿಡಿದ ಪೇಪರ್ ಒಣಗಿದ್ದರೆ ಎಂಸಿಬಿ ಹಾಕಬಹುದು. ಮಳೆಗಾಲಕ್ಕೆ ಎಸಿ ನಿಲ್ಲಿಸುವ ದಿನ ಇದೇ ರೀತಿ ಒಮ್ಮೆ ತೊಳೆದು, ಹೊರತುದಿಗೆ ಸೊಳ್ಳೆ ಜಾಲರಿ ಕಟ್ಟಿ. ಫೆಬ್ರವರಿ ಕೊನೆಯಲ್ಲಿ ಅದನ್ನು ಬಿಚ್ಚುವುದನ್ನು ಮರೆಯಬೇಡಿ, ಇಲ್ಲವಾದರೆ ಲೋಳೆ ಆ ಜಾಲರಿಗೇ ಹಿಡಿಯುತ್ತದೆ.